ಶುಕ್ರವಾರ ಬೆಳಿಗ್ಗೆ ಮಾತ್ರ ಕೈಕೊಡುವ ಸಿಸ್ಟಮ್

ಪ್ರಶ್ನೆ: ನಮಸ್ಕಾರ ಸರ್. ನಾನು ಗದಗ ಕಡೆಯವನು. ಪುಣೆಯ ಹಿಂಜವಡಿಯಲ್ಲಿ ಒಂದು ಐಟಿ ಕಂಪನಿಯ ಸರ್ವಿಸ್ ಡೆಸ್ಕ್‌ನಲ್ಲಿ ಒಂಬತ್ತು ಜನರ ತಂಡ ನೋಡಿಕೊಳ್ಳುತ್ತೇನೆ. ಭೋಸರಿಯ ಒಂದು ಬಿಡಿಭಾಗಗಳ ಕಾರ್ಖಾನೆ ನಮ್ಮ ಗ್ರಾಹಕ. ಅವರ ಡಿಸ್ಪ್ಯಾಚ್ ಸಾಫ್ಟ್‌ವೇರ್ ಹೆಚ್ಚುಕಡಿಮೆ ಪ್ರತಿ ಶುಕ್ರವಾರ ಬೆಳಿಗ್ಗೆ ಪಾಳಿ ಶುರುವಾಗುತ್ತಿದ್ದಂತೆ ನಿಂತುಬಿಡುತ್ತದೆ. ಚಲನ್ ಮುದ್ರಣವಾಗುವುದಿಲ್ಲ, ಲಾರಿಗಳು ಗೇಟಿನ ಒಳಗೇ ನಿಲ್ಲುತ್ತವೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಟಿಕೆಟ್ (ದೂರಿನ ದಾಖಲೆ) ಮುಚ್ಚುತ್ತೇವೆ. ಗುರುವಾರ ರಾತ್ರಿ ಯಾರೋ ಏನೋ ಬದಲಿಸುತ್ತಿರಬೇಕೆಂದು ಎಲ್ಲ ಬದಲಾವಣೆಗಳ ದಾಖಲೆ ಜಾಲಾಡಿದೆವು, ಏನೂ ಸಿಗಲಿಲ್ಲ. ಮ್ಯಾನೇಜರ್‌ಗೆ ಹೇಳಿದರೆ "ಎಸ್‌ಎಲ್‌ಎ ಗ್ರೀನ್ ಆಹೇ ನಾ, ಮಗ್ ಕಾಯ್?" (ಎಸ್‌ಎಲ್‌ಎ, ಅಂದರೆ ಎಷ್ಟು ಹೊತ್ತಿನೊಳಗೆ ಸರಿಪಡಿಸುತ್ತೇವೆ ಎಂದು ಗ್ರಾಹಕರೊಡನೆ ಮಾಡಿಕೊಂಡ ಒಪ್ಪಂದ, ಹಸಿರಾಗಿದೆಯಲ್ಲ, ಮತ್ತೇನು?) ಎನ್ನುತ್ತಾರೆ. ಮರುಕಳಿಸುವ ತೊಂದರೆಗಳ ಮೂಲ ಕಾರಣ ಹುಡುಕುವ ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಅನ್ನು ಪರೀಕ್ಷೆಗೆ ಓದಿದ್ದೇನೆ, ಮಾಡಿ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ? ಜನವರಿಯಿಂದ ಜೂನ್‌ವರೆಗಿನ ಟಿಕೆಟ್‌ಗಳ ಪಟ್ಟಿ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪಟ್ಟಿಯನ್ನು ಭಾನುವಾರ ಊಟವಾದ ಮೇಲೆ ತೆರೆದು ಕುಳಿತೆ. ಮುಗಿಸಿ ತಲೆ ಎತ್ತಿದಾಗ ಸಂಜೆಯ ಚಹಾ ಆರಿಹೋಗಿತ್ತು. ಒಟ್ಟು 31 ಟಿಕೆಟ್. ಅವುಗಳಲ್ಲಿ ಎರಡು ಲೇಬಲ್ ಪ್ರಿಂಟರ್‌ನ ರಿಬ್ಬನ್ ಮುಗಿದದ್ದು, ಎರಡು ಪಾಸ್‌ವರ್ಡ್ ಮರೆತದ್ದು. ಆ ನಾಲ್ಕನ್ನು ಬದಿಗಿಟ್ಟರೆ ಉಳಿಯುವುದು 27. ಈ 27ರಲ್ಲಿ 25ಕ್ಕೆ ಬರೆದಿರುವ ಮುಕ್ತಾಯದ ಟಿಪ್ಪಣಿ ಒಂದೇ: ಸರ್ವಿಸ್ ರೀಸ್ಟಾರ್ಟ್ ಮಾಡಲಾಗಿದೆ, ಬಳಕೆದಾರರು ಖಚಿತಪಡಿಸಿದ್ದಾರೆ, ಮುಚ್ಚಲಾಗಿದೆ. ಕಾಗುಣಿತದ ತಪ್ಪು ಕೂಡ ಎಲ್ಲದರಲ್ಲೂ ಅದೇ. ಜನವರಿಯಲ್ಲಿ ಯಾರೋ ಬರೆದ ಸಾಲನ್ನು ಜೂನ್‌ವರೆಗೆ ಎಲ್ಲರೂ ನಕಲು ಮಾಡಿ ಅಂಟಿಸಿದ್ದಾರೆ. ಬೈಯಲು ಹೇಳುತ್ತಿಲ್ಲ, ನಾನೂ ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಕುಳಿತು ಅದನ್ನೇ ಮಾಡಿದವನು. ಆದರೆ ನೀವು ಕೇಳಿದ "ಎಲ್ಲಿಂದ" ಎಂಬುದಕ್ಕೆ ಉತ್ತರ ಇರುವುದು ಆ ಸಾಲಿನಲ್ಲೇ.

ಅದಕ್ಕೂ ಮೊದಲು ದಿನಗಳನ್ನು ನೋಡಿಬಿಡೋಣ. 27ರಲ್ಲಿ 24 ಶುಕ್ರವಾರ. ನೀವೆಲ್ಲ ಆ 24ನ್ನು ದಿಟ್ಟಿಸುತ್ತಾ ಕುಳಿತಿರಿ, ನನ್ನ ಕಣ್ಣು ಉಳಿದ ಮೂರರ ಮೇಲೆ ಬಿತ್ತು. ಒಂದು ಜನವರಿ 27, ಮಂಗಳವಾರ. ಇನ್ನೊಂದು ಧೂಳಿವಂದನದ, ಅಂದರೆ ಹೋಳಿಯ ಬಣ್ಣದಾಟದ, ಮರುದಿನ. ಮೂರನೆಯದು ಮೇ 2, ಶನಿವಾರ. ಮೇ 1 ಈ ಸಲ ಶುಕ್ರವಾರವೇ ಬಿದ್ದಿತ್ತು, ಮಹಾರಾಷ್ಟ್ರ ದಿನ, ಕಾರ್ಖಾನೆಗೆ ಬಾಗಿಲು. ಆ ಶುಕ್ರವಾರ ದೂರಿಲ್ಲ, ಮರುದಿನ ಬಂದಿದೆ. ಅಂದರೆ ಈ ಕಾಯಿಲೆಗೆ ಶುಕ್ರವಾರದ ಹಂಗಿಲ್ಲ. ಕಾರ್ಖಾನೆ ಮುಚ್ಚಿ ತೆರೆದ ಮೊದಲ ಬೆಳಿಗ್ಗೆ ಅದು ಬರುತ್ತದೆ.

ಹಾಗಾದರೆ ಶುಕ್ರವಾರವೇ ಏಕೆ? ಭೋಸರಿ, ಪಿಂಪ್ರಿ ಕಡೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಓಡಾಡಿದವರಿಗೆ ಇದು ಒಗಟೇ ಅಲ್ಲ: ಅಲ್ಲಿನ ಬಹಳಷ್ಟು ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಶನಿವಾರ, ಭಾನುವಾರ ರಜೆ ಇರುವ ಹಿಂಜವಡಿಯ ಸೋಮವಾರ ಭೋಸರಿಯಲ್ಲಿ ಶುಕ್ರವಾರ ಬರುತ್ತದೆ. ನಿಮ್ಮ ತಂಡ ಗುರುವಾರ ರಾತ್ರಿ ಯಾರು ಏನು ಮಾಡಿದರು ಎಂದು ಹುಡುಕಿತು. ಗುರುವಾರ ಯಾರೂ ಏನೂ ಮಾಡದಿರುವುದೇ ಕಾರಣವಾಗಿರಬಹುದು ಎಂದು ಭೂಮ್ಕರ್ ಚೌಕದ ಆಚೆ, ಹಿಂಜವಡಿಯಲ್ಲಿ ಕುಳಿತವರಿಗೆ ಹೊಳೆಯುವುದು ಕಷ್ಟ. ಒಮ್ಮೆ ಕಾರ್ಖಾನೆಗೇ ಹೋಗಿ ಬನ್ನಿ. ಮಾರ್ಚ್ ಕೊನೆಯ ಶುಕ್ರವಾರವೂ ನಿಮ್ಮ ಪಟ್ಟಿಯಲ್ಲಿ ಖಾಲಿ ಇದೆ. ವರ್ಷಾಂತ್ಯದ ಒತ್ತಡದಲ್ಲಿ ಅದರ ಹಿಂದಿನ ಗುರುವಾರವೂ ಕೆಲಸ ನಡೆದಿತ್ತೇ ಎಂದು ಡಿಸ್ಪ್ಯಾಚ್ ಗುಮಾಸ್ತರನ್ನು ಕೇಳಿ. ಹೌದು ಎಂದರೆ ನಮ್ಮ ಊಹೆಗೆ ಬಲ ಬರುತ್ತದೆ. ಇಲ್ಲ ಎಂದರೆ ನಾನು ಮತ್ತೆ ಪಟ್ಟಿ ತೆರೆಯಬೇಕು.

ನಾವು ಈಗ ಮಾಡಿದ್ದಕ್ಕೆ ಒಂದು ಹೆಸರಿದೆ. ಚಾರ್ಲ್ಸ್ ಕೆಪ್ನರ್ ಮತ್ತು ಬೆಂಜಮಿನ್ ಟ್ರೆಗೊ ಎಂಬ ಅಮೆರಿಕದ ಇಬ್ಬರು ರೂಢಿಗೆ ತಂದ ವಿಧಾನ: ತೊಂದರೆ ಎಲ್ಲಿ ಇದೆ, ಎಲ್ಲಿ ಇರಬಹುದಾಗಿದ್ದರೂ ಇಲ್ಲ; ಯಾವಾಗ ಬರುತ್ತದೆ, ಯಾವಾಗ ಬರಬಹುದಾಗಿದ್ದರೂ ಬರುವುದಿಲ್ಲ. ಎರಡು ಕಾಲಂ ಬರೆದು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಹುಡುಕುವುದು. ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ "ಐದು ಏಕೆ"ಯನ್ನು, ಅಂದರೆ ಸಿಕ್ಕ ಪ್ರತಿ ಉತ್ತರಕ್ಕೂ ಮತ್ತೆ ಏಕೆ ಎಂದು ಐದು ಸಲ ಕೇಳುವುದನ್ನು, ಬಾಯಿಪಾಠ ಮಾಡುತ್ತಾರೆ. ಸಕಿಚಿ ಟೊಯೋಡಾ ಹಾಕಿಕೊಟ್ಟ, ಟೊಯೋಟಾ ಕಾರ್ಖಾನೆಯಲ್ಲಿ ಬೆಳೆದ ಆ ವಿಧಾನದ ಮೇಲೆ ನನಗೆ ಗೌರವವಿದೆ, ಆದರೆ ಅದು ನಮ್ಮ ಕಚೇರಿಗಳಿಗೆ ಬಂದ ಮೇಲೆ ಐದನೆಯ ಏಕೆಗೆ ಯಾವಾಗಲೂ ಒಬ್ಬ ಮನುಷ್ಯ ಸಿಕ್ಕಿಬೀಳುತ್ತಾನೆ, ಅದೂ ಮೀಟಿಂಗ್‌ಗೆ ಬಾರದವನು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಕತೆ. ಇದೆ-ಇಲ್ಲಗಳ ಪಟ್ಟಿಯಲ್ಲಿ ಮೇಕೆಗೆ ಜಾಗವಿಲ್ಲ.

ಈಗ ಇನ್ಸಿಡೆಂಟ್, ಪ್ರಾಬ್ಲಮ್ ಎಂಬ ಎರಡು ಪದಗಳ ವಿಚಾರ. ಕನ್ನಡದಲ್ಲಿ ಎರಡಕ್ಕೂ "ಸಮಸ್ಯೆ" ಎಂದುಬಿಡುತ್ತೇವೆ, ಗೊಂದಲದ ಅರ್ಧ ಪಾಲು ಅಲ್ಲೇ. ಬ್ರಿಟಿಷ್ ಸರ್ಕಾರದ ಸಿಸಿಟಿಎ ಎಂಬ ಕಂಪ್ಯೂಟರ್ ವಿಭಾಗ 1980ರ ದಶಕದ ಕೊನೆಯಲ್ಲಿ ಶುರು ಮಾಡಿದ ಐಟಿಐಎಲ್ ಎಂಬ ಐಟಿ ಸೇವೆಗಳ ನಿರ್ವಹಣಾ ಮಾರ್ಗದರ್ಶಿ 2019ರಲ್ಲಿ ನಾಲ್ಕನೆಯ ರೂಪಕ್ಕೆ ಬಂತು. ಅದರ ಪ್ರಕಾರ ಸೇವೆ ನಿಂತಿತು ಎಂಬುದು ಇನ್ಸಿಡೆಂಟ್. ಒಂದೋ ಹಲವೋ ಇನ್ಸಿಡೆಂಟ್‌ಗಳಿಗೆ ಕಾರಣವಾದದ್ದು, ಮುಂದೆ ಆಗಬಹುದಾದದ್ದು ಪ್ರಾಬ್ಲಮ್. ಕಾರಣವನ್ನು ಪರಿಶೀಲಿಸಿಯಾಗಿದೆ, ಇನ್ನೂ ಸರಿಪಡಿಸಿಲ್ಲ ಎಂದರೆ ಅದು ನೋನ್ ಎರರ್. ಇಷ್ಟು ಸಾಕು, ಉಳಿದ ಚಿತ್ರಪಟಗಳು ಪರೀಕ್ಷೆಗೆ.

ಮುಂಬೈಯ ದಾದರ್ ಬಳಿಯ ಹಿಂದಮಾತಾ ನಿಮಗೆ ಗೊತ್ತಿರಬೇಕು. ತಟ್ಟೆಯಂತೆ ತಗ್ಗಾದ ಜಾಗ, ಜೋರು ಮಳೆ ಬಂದರೆ ಮೊದಲು ನೀರು ನಿಲ್ಲುತ್ತಿದ್ದುದು ಅಲ್ಲೇ. ಮಹಾನಗರಪಾಲಿಕೆಯವರು ಪಂಪ್ ತಂದು ನೀರು ಎತ್ತುತ್ತಿದ್ದರು, ಬಸ್ಸು ಓಡುತ್ತಿತ್ತು, ಮುಂದಿನ ಮಳೆಗೆ ಮತ್ತೆ ಪಂಪ್. ಪಂಪ್ ಬೇಡ ಎನ್ನಲು ಬರುವುದಿಲ್ಲ, ಸೊಂಟದವರೆಗಿನ ನೀರಿನಲ್ಲಿ ನಿಂತವನಿಗೆ ಚರಂಡಿಯ ಇತಿಹಾಸ ಹೇಳಿದರೆ ಅವನು ಹೊಡೆಯುತ್ತಾನೆ. ಆದರೆ ಪಂಪ್ ಹಿಡಿದವನೇ ಅದೇ ಹೊತ್ತಿನಲ್ಲಿ ಚರಂಡಿಯ ನಕ್ಷೆ ಓದಲಾರ. ಅದಕ್ಕೆ ಬೇರೆಯವರು ಬೇಕು, ಬೇರೆ ದಿನ ಬೇಕು. ನಗರದ ಮಳೆನೀರು ಚರಂಡಿಗಳ ಬಗ್ಗೆ ಬ್ರಿಮ್‌ಸ್ಟೊವ್ಯಾಡ್ ವರದಿ ಬಂದದ್ದು 1993ರಲ್ಲಿ. ಕೆಲಸಕ್ಕೆ ವೇಗ ಬಂದದ್ದು 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ. ನಡುವಿನ ಹನ್ನೆರಡು ವರ್ಷ ಅದೊಂದು ನೋನ್ ಎರರ್ ಆಗಿತ್ತು ಎನ್ನಬಹುದು. ಹಿಂದಮಾತಾದ ನೀರು ಹಿಡಿದಿಡಲು ಹತ್ತಿರದ ಮೈದಾನ, ಉದ್ಯಾನಗಳ ಅಡಿಯಲ್ಲಿ ದೊಡ್ಡ ತೊಟ್ಟಿಗಳನ್ನು ಕಟ್ಟಿದ್ದು ಇನ್ನೂ ತಡವಾಗಿ.

ನಿಮ್ಮ ತಂಡದಲ್ಲಿ ಪಂಪ್ ಹಿಡಿದವರು ಒಂಬತ್ತೂ ಜನ, ನಕ್ಷೆ ಹಿಡಿದವರು ಯಾರೂ ಇಲ್ಲ. ಒಬ್ಬರನ್ನು ಆರಿಸಿ, ಬುಧವಾರ ಮಧ್ಯಾಹ್ನ ಎರಡು ಗಂಟೆ ಅವರಿಗೆ ಫೋನ್ ಕೊಡಬೇಡಿ. ಯಾರನ್ನು ಆರಿಸಬೇಕೆಂದೂ ಪಟ್ಟಿಯೇ ಹೇಳುತ್ತಿದೆ. 27ರಲ್ಲಿ ಎರಡು ಟಿಕೆಟ್‌ಗಳ ಟಿಪ್ಪಣಿ ಮಾತ್ರ ಬೇರೆ ಇತ್ತು ಎಂದೆನಲ್ಲ, ಅವೆರಡನ್ನೂ ಬರೆದವರು ಒಬ್ಬರೇ. "ನಾನು ಲಾಗಿನ್ ಆಗುವಷ್ಟರಲ್ಲಿ ತಾನಾಗಿಯೇ ಶುರುವಾಯಿತು, 7:08ಕ್ಕೆ ನಿಂತದ್ದು 7:24ಕ್ಕೆ." ಇನ್ನೊಂದರಲ್ಲೂ ಸುಮಾರು ಅಷ್ಟೇ ಹೊತ್ತು. ಆರು ತಿಂಗಳಲ್ಲಿ ಯಂತ್ರ ಆಡಿದ ಎರಡು ಮಾತನ್ನು ಕೇಳಿಸಿಕೊಂಡವರು ಅವರು, ಪ್ರಾಬ್ಲಮ್ ಟಿಕೆಟ್‌ನ ಒಡೆತನ ಅವರಿಗೇ ಕೊಡಿ.

ಆ ಹದಿನಾರು ನಿಮಿಷ ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಏಕೆಂದು ಹೇಳುತ್ತೇನೆ. ನಿಮ್ಮ ಸಾಫ್ಟ್‌ವೇರ್ ಡೇಟಾಬೇಸ್ ಜೊತೆ ಪ್ರತಿ ಸಲ ಹೊಸದಾಗಿ ಮಾತು ಶುರು ಮಾಡುವುದಿಲ್ಲ. ಕೆಲವು ಸಂಪರ್ಕಗಳನ್ನು ತೆರೆದೇ ಇಟ್ಟುಕೊಂಡು ಸರದಿಯಲ್ಲಿ ಬಳಸುತ್ತದೆ. ನಡುವೆ ಫೈರ್‌ವಾಲ್, ಅಂದರೆ ನೆಟ್‌ವರ್ಕ್‌ನ ಕಾವಲುಗಾರ, ಇದ್ದರೆ ಅದು ಈ ಸಂಪರ್ಕಗಳ ಖಾತೆ ಇಡುತ್ತದೆ, ಬಹಳ ಹೊತ್ತು ಮಾತಿಲ್ಲದ ಸಂಪರ್ಕವನ್ನು ಖಾತೆಯಿಂದ ಹೊಡೆದುಹಾಕುತ್ತದೆ. ಹಲವು ಫೈರ್‌ವಾಲ್‌ಗಳಲ್ಲಿ ಯಾರೂ ಮುಟ್ಟದಿದ್ದರೆ ಈ ಮಿತಿ ಒಂದು ಗಂಟೆ. ಹೊಡೆದುಹಾಕಿದ್ದನ್ನು ಸಾಮಾನ್ಯವಾಗಿ ಎರಡೂ ಕಡೆಯವರಿಗೆ ತಿಳಿಸುವುದಿಲ್ಲ. ಲಿನಕ್ಸ್ ಸರ್ವರ್ "ಇದ್ದೀಯಾ?" ಎಂದು ಆಚೆಯವರನ್ನು ವಿಚಾರಿಸುವುದು, ಅದೂ ಸಾಫ್ಟ್‌ವೇರ್ ಹಾಗೆ ಕೇಳಿಕೊಂಡಿದ್ದರೆ, ರೂಢಿಯ ಲೆಕ್ಕದಲ್ಲಿ 7200 ಸೆಕೆಂಡ್ ಅಂದರೆ ಎರಡು ಗಂಟೆ ಸುಮ್ಮನಿದ್ದ ಮೇಲೆ. ಒಂದು ಗಂಟೆಗೆ ಖಾತೆ ಮುಗಿದಿದೆ, ವಿಚಾರಣೆ ಎರಡನೆಯ ಗಂಟೆಗೆ. ಮೂರು ಪಾಳಿ ನಡೆಯುವ ದಿನಗಳಲ್ಲಿ ರಾತ್ರಿಯೂ ಚಲನ್ ಹೊರಡುವುದರಿಂದ ಸಂಪರ್ಕಗಳು ಬೆಚ್ಚಗಿರುತ್ತವೆ. ಗುರುವಾರ ಎಲ್ಲ ತಣ್ಣಗಾಗುತ್ತದೆ. ಶುಕ್ರವಾರ ಏಳು ಗಂಟೆಗೆ ಗುಮಾಸ್ತರು ಮೊದಲ ಚಲನ್ ಒತ್ತಿದಾಗ ಸತ್ತ ತಂತಿಯ ಮೇಲೆ ಪ್ರಶ್ನೆ ಹೋಗುತ್ತದೆ, ಉತ್ತರ ಬರುವುದಿಲ್ಲ, ಸರ್ವರ್ ಮತ್ತೆ ಮತ್ತೆ ಕಳುಹಿಸುತ್ತದೆ. ಲಿನಕ್ಸ್ ರೂಢಿಯ ಪ್ರಕಾರ ಸೋಲೊಪ್ಪಿಕೊಂಡು ಸಂಪರ್ಕ ಕಡಿಯುವುದಕ್ಕೆ ಸುಮಾರು ಹದಿನೈದು ನಿಮಿಷ ಹಿಡಿಯುತ್ತದೆ. ಆಮೇಲೆ ಹೊಸ ಸಂಪರ್ಕ, ಎಲ್ಲ ಸರಿ. 7:08ರಿಂದ 7:24. ಯಾರಾದರೂ ರೀಸ್ಟಾರ್ಟ್ ಮಾಡಿದರೂ ಹೊಸ ಸಂಪರ್ಕ, ಎಲ್ಲ ಸರಿ. ರೀಸ್ಟಾರ್ಟ್ ಪ್ರತಿ ಸಲ ಗೆಲ್ಲುತ್ತದೆ, ಗೆಲ್ಲುವಾಗ ಸತ್ತ ತಂತಿಗಳನ್ನೆಲ್ಲ ಗುಡಿಸಿ ಹೊರಗೆ ಹಾಕುತ್ತದೆ. ಗುಡಿಸಿದ್ದರಲ್ಲೇ ಸಾಕ್ಷಿ ಇತ್ತು.

ಇಷ್ಟು ಚೆನ್ನಾಗಿ ಹೊಂದಿಕೊಂಡಿತು ಎಂದ ಮಾತ್ರಕ್ಕೆ ಇದೇ ನಿಜ ಎಂದು ಬರೆದುಕೊಳ್ಳಬೇಡಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಗೆ ನಾವು ಸೇರಬಾರದು. ನಾನು ನಿಮ್ಮ ಸರ್ವರ್ ನೋಡಿಲ್ಲ, ನಡುವೆ ಫೈರ್‌ವಾಲ್ ಇದೆಯೋ ಇಲ್ಲವೋ ಕೂಡ ನೀವು ಬರೆದಿಲ್ಲ. ಪರೀಕ್ಷಿಸುವ ದಾರಿ ಇದು: ಮುಂದಿನ ಶುಕ್ರವಾರ ರೀಸ್ಟಾರ್ಟ್‌ಗೆ ಮೊದಲು ಎರಡು ನಿಮಿಷ ತೆಗೆದುಕೊಳ್ಳಿ. ಆ ಎರಡು ನಿಮಿಷದಲ್ಲಿ ಥ್ರೆಡ್ ಡಂಪ್ (ಸಾಫ್ಟ್‌ವೇರ್‌ನ ಒಂದೊಂದು ಕೆಲಸದ ಎಳೆ ಎಲ್ಲಿ ನಿಂತಿದೆ ಎಂಬ ಪಟ್ಟಿ), ಆ ಕ್ಷಣದ ನೆಟ್‌ವರ್ಕ್ ಸಂಪರ್ಕಗಳ ಪಟ್ಟಿ, ಹಿಂದಿನ ಅರ್ಧ ಗಂಟೆಯ ಲಾಗ್, ಈ ಮೂರನ್ನು ಒಂದು ಫೋಲ್ಡರ್‌ಗೆ ಸುರಿಯುವ ಸ್ಕ್ರಿಪ್ಟ್ ಈಗಲೇ ಬರೆದಿಡಿ. ಲಾರಿ ಚಾಲಕರು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿರುವಾಗ ಯಾರಿಗೂ ಕಮಾಂಡ್ ನೆನಪಾಗುವುದಿಲ್ಲ, ಆದ್ದರಿಂದ ಒಂದೇ ಗುಂಡಿ ಒತ್ತುವಂತಿರಲಿ. ಎರಡು ನಿಮಿಷಕ್ಕೆ ಗ್ರಾಹಕರ ಒಪ್ಪಿಗೆಯನ್ನೂ ಮೊದಲೇ ಪಡೆದಿರಿ, ಆ ಬೆಳಿಗ್ಗೆ ಕೇಳಿದರೆ ಯಾರೂ ಕೊಡುವುದಿಲ್ಲ. ಡಂಪ್‌ನಲ್ಲಿ ಹತ್ತಾರು ಥ್ರೆಡ್‌ಗಳು ಡೇಟಾಬೇಸ್‌ನಿಂದ ಓದಲು ಕಾಯುತ್ತಾ ನಿಂತಿದ್ದು, ಈ ಕಡೆಯ ಪಟ್ಟಿಯಲ್ಲಿ ಜೀವಂತ ಎಂದು ತೋರುವ ಸಂಪರ್ಕ ಫೈರ್‌ವಾಲ್ ಖಾತೆಯಲ್ಲಿ ಇಲ್ಲದಿದ್ದರೆ ಕಳ್ಳ ಸಿಕ್ಕಿದ. ಥ್ರೆಡ್‌ಗಳು ಬೇರೆಲ್ಲೋ ನಿಂತಿದ್ದರೆ ನನ್ನ ಊಹೆ ತಪ್ಪು, ಅದೂ ಲಾಭವೇ.

ಈ ನಡುವೆ ಕಾರ್ಖಾನೆ ನಡೆಯಬೇಕಲ್ಲ. ಶುಕ್ರವಾರ ಆರೂವರೆಗೆ, ಪಾಳಿಗೆ ಮುಂಚೆ, ನೀವೇ ರೀಸ್ಟಾರ್ಟ್ ಮಾಡಬಹುದು. ಸ್ಕ್ರಿಪ್ಟ್ ಆಗಲೂ ಓಡಲಿ, ಆದರೆ ಚಲನ್ ಒತ್ತುವವರಿಲ್ಲದ ಹೊತ್ತಿನಲ್ಲಿ ಕಾಯುವ ಥ್ರೆಡ್‌ಗಳೂ ಇರುವುದಿಲ್ಲ. ಆದ್ದರಿಂದ ಒಂದು ಶುಕ್ರವಾರವಾದರೂ ಅದನ್ನು ಹಾಗೇ ಕೆಡಲು ಬಿಡಿ. ಆರೂವರೆಯ ರೀಸ್ಟಾರ್ಟ್ ತಾತ್ಕಾಲಿಕ ಉಪಾಯ, ಅದಕ್ಕೆ ಮರ್ಯಾದೆ ಬರುವುದು ಬರೆದಿಟ್ಟಾಗ: ಏಕೆ ಮಾಡುತ್ತಿದ್ದೇವೆ, ಯಾವಾಗ ಮಾಡಬೇಕು, ಯಾವ ತಾರೀಖಿಗೆ ಮರುಪರಿಶೀಲನೆ. ಬರೆಯದೆ ಮಾಡಿದ ಉಪಾಯದ ಕತೆ ನನ್ನದೇ ಒಂದಿದೆ. ಅಂಧೇರಿಯ ಒಂದು ಕಚೇರಿಯಲ್ಲಿ ಮೆಮೊರಿ ತಿನ್ನುತ್ತಿದ್ದ ಒಂದು ಸರ್ವಿಸ್‌ಗೆ ರಾತ್ರಿ ಎರಡು ಗಂಟೆಗೆ ತಾನಾಗಿ ರೀಸ್ಟಾರ್ಟ್ ಆಗುವಂತೆ ಸದ್ದಿಲ್ಲದೆ ಹೊಂದಿಸಿದ್ದೆ. ದೂರುಗಳು ನಿಂತವು, ನನಗೆ ಶಹಬ್ಬಾಸ್ ಸಿಕ್ಕಿತು. ಬಳಕೆದಾರರು ಇಮ್ಮಡಿಯಾದಾಗ ಆ ಸರ್ವಿಸ್ ಒಂದು ಹಗಲೂ ತಡೆಯದಾಯಿತು, ತಿಂಗಳ ಕೊನೆಯ ದಿನ ಸಂಬಳದ ಲೆಕ್ಕದ ನಡುವೆ ಬಿತ್ತು. ಅಷ್ಟರಲ್ಲಿ ನಾನು ಬೇರೆ ತಂಡದಲ್ಲಿದ್ದೆ. ರಾತ್ರಿಯ ಆ ರೀಸ್ಟಾರ್ಟ್ ಅಲ್ಲಿ ಏಕಿದೆ ಎಂದು ಗೊತ್ತಿದ್ದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಉಪಾಯದಲ್ಲಿ ಅಂಕಿ ಇರಬೇಕು ಎಂಬುದಕ್ಕೆ ಇದಕ್ಕಿಂತ ಘೋರವಾದ ಉದಾಹರಣೆ ಕೊಲ್ಲಿ ಯುದ್ಧದ್ದು. ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿದ್ದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರದ ಲೆಕ್ಕದಲ್ಲಿ ಸಣ್ಣ ದೋಷವಿತ್ತು. ಯಂತ್ರವನ್ನು ಆರಿಸದೆ ಬಿಟ್ಟಷ್ಟೂ ಅದು ಬೆಳೆಯುತ್ತಿತ್ತು, ಆರಿಸಿ ಹಚ್ಚಿದರೆ ಸೊನ್ನೆಗೆ ಬರುತ್ತಿತ್ತು. ಎಂಟು ಗಂಟೆ ಓಡಿದರೆ ಗುರಿ ಗಮನಾರ್ಹವಾಗಿ ಸರಿಯುತ್ತದೆ ಎಂಬ ಮಾಹಿತಿ ಇಸ್ರೇಲಿನಿಂದ 1991ರ ಫೆಬ್ರವರಿ 11ರಂದೇ ಬಂದಿತ್ತು. ಫೆಬ್ರವರಿ 21ರಂದು ಎಲ್ಲ ತಂಡಗಳಿಗೂ ಸಂದೇಶ ಹೋಯಿತು: ಬಹಳ ದೀರ್ಘ ಕಾಲ ಓಡಿಸಿದರೆ ತೊಂದರೆಯಾದೀತು. ಬಹಳ ದೀರ್ಘ ಎಂದರೆ ಎಷ್ಟು ಗಂಟೆ ಎಂದು ಅದರಲ್ಲಿ ಇರಲಿಲ್ಲ. ಧಹ್ರಾನ್‌ನ ಯಂತ್ರ ನೂರು ಗಂಟೆಗೂ ಹೆಚ್ಚು ಓಡಿ, ಗಡಿಯಾರ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿತ್ತು. ಫೆಬ್ರವರಿ 25ರಂದು ಬಂದ ಸ್ಕಡ್ ಕ್ಷಿಪಣಿಯನ್ನು ಅದು ತಡೆಯಲಿಲ್ಲ, 28 ಸೈನಿಕರು ಸತ್ತರು. ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು 26ರಂದು. ಇದಕ್ಕೆ ಹೋಲಿಸಿದರೆ ಬೋಯಿಂಗ್ 787ರ ವಿಚಾರದಲ್ಲಿ, ವಿದ್ಯುತ್ ಜನರೇಟರ್‌ಗಳ ನಿಯಂತ್ರಕ ಸತತವಾಗಿ 248 ದಿನ ಚಾಲೂ ಇದ್ದರೆ ಕೈಕೊಡುತ್ತದೆ ಎಂದು 2015ರಲ್ಲಿ ಗೊತ್ತಾದಾಗ, ಅಮೆರಿಕದ ವಿಮಾನಯಾನ ನಿಯಂತ್ರಕರು ದಿನಗಳ ಲೆಕ್ಕ ಹಾಕಿಯೇ ವಿದ್ಯುತ್ ಆರಿಸಲು ಆದೇಶಿಸಿದರು. ನಿಮ್ಮ ದಾಖಲೆಯಲ್ಲೂ "ಆಗಾಗ ರೀಸ್ಟಾರ್ಟ್ ಮಾಡಿ" ಎಂದು ಬರೆಯಬೇಡಿ. "ಕಾರ್ಖಾನೆಗೆ ರಜೆಯಿದ್ದ ದಿನದ ಮರುಬೆಳಿಗ್ಗೆ 6:30ಕ್ಕೆ" ಎಂದು ಬರೆಯಿರಿ.

ನಿಮ್ಮ ಮ್ಯಾನೇಜರ್ ವಿಷಯಕ್ಕೆ ಬರೋಣ. ಅವರು ಕೆಟ್ಟವರಲ್ಲ, ಅವರ ಮುಂದಿರುವ ಹಲಗೆ ಹಸಿರಾಗಿದೆ. ಎಸ್‌ಎಲ್‌ಎ ಪ್ರತಿ ಟಿಕೆಟ್ಟನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಒಂದೇ ಕಲ್ಲಿಗೆ 27 ಸಲ ಎಡವಿದರೂ ಪ್ರತಿ ಸಲ ಬೇಗ ಎದ್ದು ನಿಂತರೆ ಅದರ ಲೆಕ್ಕದಲ್ಲಿ ನೂರಕ್ಕೆ ನೂರು. ಅವರ ಬಳಿ ತತ್ವ ಹೇಳಲು ಹೋಗಬೇಡಿ, ಒಂದು ಗುಣಾಕಾರ ತೋರಿಸಿ. ನಿಮ್ಮ ಪಟ್ಟಿಯಲ್ಲಿ ಒಂದೊಂದು ಸಲದ ನಿಲುಗಡೆ ಸರಾಸರಿ 25 ನಿಮಿಷ. 27 ಸಲಕ್ಕೆ 675 ನಿಮಿಷ, ಹನ್ನೊಂದು ಗಂಟೆಗೂ ಮೇಲೆ. ಆ ಹೊತ್ತಿನಲ್ಲಿ ಗೇಟಿನೊಳಗೆ ನಿಂತ ಲಾರಿಗಳೆಷ್ಟು ಎಂಬುದನ್ನು ಗ್ರಾಹಕರ ಭದ್ರತಾ ಸಿಬ್ಬಂದಿಯ ರಿಜಿಸ್ಟರ್‌ನಿಂದ ಬರೆದುಕೊಂಡು ಬನ್ನಿ. ಗ್ರಾಹಕರು ಈ ಲೆಕ್ಕ ಹಾಕುವ ಮೊದಲು ನಾವೇ ಹಾಕಿರುವುದು ಒಳ್ಳೆಯದು ಎಂದರೆ ಅವರಿಗೆ ಅರ್ಥವಾಗುತ್ತದೆ. ಪ್ರತಿಯಾಗಿ ಅವರು "ಸರಿ, ಮೂವತ್ತು ದಿನದಲ್ಲಿ ಆರ್‌ಸಿಎ (ಮೂಲ ಕಾರಣದ ವರದಿ) ಕೊಡಿ" ಎನ್ನುವ ಅಪಾಯವಿದೆ. ಕಾರಣ ಹುಡುಕಲು ಗಡುವು ಹಾಕಿದ ಕಡೆಯಲ್ಲೆಲ್ಲ ಇಪ್ಪತ್ತೊಂಬತ್ತನೆಯ ದಿನ "ನೆಟ್‌ವರ್ಕ್ ತೊಡಕು" ಎಂಬ ಕಾರಣ ಹುಟ್ಟುವುದನ್ನು ನೋಡಿದ್ದೇನೆ. ಗಡುವಿನ ಬದಲು ಪ್ರತಿ ಬುಧವಾರ ಏನು ತಿಳಿಯಿತು, ಏನು ಸುಳ್ಳೆಂದು ಖಾತ್ರಿಯಾಯಿತು ಎಂಬ ನಾಲ್ಕು ಸಾಲು ಕೊಡುತ್ತೇವೆ ಎಂದು ಒಪ್ಪಿಸಿ.

ಕಾರಣ ನಾನು ಹೇಳಿದ್ದೇ ಆಗಿದ್ದರೆ ದುರಸ್ತಿ ಚಿಕ್ಕದು: ಸರ್ವರ್ ಹತ್ತು ನಿಮಿಷಕ್ಕೊಮ್ಮೆ ವಿಚಾರಿಸುವಂತೆ ಮಾಡುವುದು, ಅಥವಾ ಸಂಪರ್ಕವನ್ನು ಬಳಸುವ ಮುನ್ನ ಜೀವವಿದೆಯೇ ಎಂದು ಸಾಫ್ಟ್‌ವೇರ್ ನೋಡಿಕೊಳ್ಳುವಂತೆ ಹೊಂದಿಸುವುದು. ನನ್ನ ಆಯ್ಕೆ ಎರಡನ್ನೂ ಮಾಡುವುದು. ಫೈರ್‌ವಾಲ್‌ನ ಮಿತಿ ಹಿಗ್ಗಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಒಂದು ದಿನದ ರಜೆಗೆ ಹಿಗ್ಗಿಸಿದ್ದು ದೀಪಾವಳಿ ರಜೆಗೆ ಸಾಲುವುದಿಲ್ಲ. ಬದಲಾವಣೆ ಎಂದಿನಂತೆ ಚೇಂಜ್ ಒಪ್ಪಿಗೆ ಪಡೆದೇ ಹೋಗಲಿ. ಒಂದು ಪ್ರಶ್ನೆಯನ್ನು ಮಾತ್ರ ಟಿಕೆಟ್‌ನಲ್ಲಿ ಉಳಿಸಿಕೊಳ್ಳಿ: ಇದು ಪರೀಕ್ಷಾ ಸರ್ವರ್‌ನಲ್ಲಿ ಏಕೆ ಕಾಣಿಸಲಿಲ್ಲ? ಅಲ್ಲಿ ನಡುವೆ ಫೈರ್‌ವಾಲ್ ಇಲ್ಲ ಎಂಬ ಉತ್ತರ ಬಂದರೆ ನಿಮ್ಮ ಇತರ ಗ್ರಾಹಕರ ಸಿಸ್ಟಮ್‌ಗಳನ್ನೂ ಒಮ್ಮೆ ನೋಡಬೇಕಾಗುತ್ತದೆ.

ದುರಸ್ತಿಯಾದ ದಿನವೇ ಪ್ರಾಬ್ಲಮ್ ಟಿಕೆಟ್ ಮುಚ್ಚಬೇಡಿ. ಬೆಳಗಿನ ರೀಸ್ಟಾರ್ಟ್ ನಿಲ್ಲಿಸಿ, ಅದು ಓಡುತ್ತಿದ್ದರೆ ದುರಸ್ತಿ ಫಲಿಸಿತೋ ಇಲ್ಲವೋ ತಿಳಿಯುವುದೇ ಇಲ್ಲ. ಎಂಟು ಶುಕ್ರವಾರ ಕಾಯಿರಿ, ಗಣಪತಿ ವಿಸರ್ಜನೆಯ ಮರುದಿನವನ್ನೂ ನೋಡಿ, ದೀಪಾವಳಿಗೆ ಕಾರ್ಖಾನೆ ಕೆಲವು ದಿನ ಮುಚ್ಚಿ ತೆರೆದ ಬೆಳಿಗ್ಗೆ ಏಳು ಗಂಟೆಗೆ ನಿಮ್ಮ ಆ ಟಿಪ್ಪಣಿ ಬರೆಯುವ ಸಹೋದ್ಯೋಗಿಯನ್ನು ಭೋಸರಿಯ ಡಿಸ್ಪ್ಯಾಚ್ ಕೌಂಟರ್‌ನಲ್ಲೇ ನಿಲ್ಲಿಸಿ. ಮೊದಲ ಚಲನ್ ಎಷ್ಟು ಸೆಕೆಂಡಿಗೆ ಹೊರಬಂತು ಎಂದು ಅವರು ಬರೆಯಲಿ, ಆಮೇಲೆ ಮುಚ್ಚಿ. ಅದಕ್ಕೂ ಮುಂಚೆ ಬರುವ ಶುಕ್ರವಾರದ ಥ್ರೆಡ್ ಡಂಪ್ ಸಿಕ್ಕರೆ ಗ್ರಾಹಕರ ಹೆಸರು, ಐಪಿ ವಿಳಾಸಗಳನ್ನು ಅಳಿಸಿ ನನಗೂ ಕಳುಹಿಸಿ. ನಾನು ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ನೋಡುವ ಆಸೆ ಇದೆ.